ಖೆರ್ಲೆನ್ ನದಿಯ ಎಡ ಕವಲು: ಒಂದು ಪ್ರಕರಣ ಅಧ್ಯಯನ

ಮಂಗೋಲಿಯಾದ ಖೆರ್ಲೆನ್ ನದಿಯಲ್ಲಿ ಜುಲೈ ಕೊನೆಯ ವಾರ ನಡೆದ ಘಟನೆ ಇದು. ಎಂಟು ದಿನದ ದೋಣಿ ಪ್ರವಾಸದ ನಾಲ್ಕನೇ ದಿನ ಮಧ್ಯಾಹ್ನ, ಐದು ದೋಣಿಗಳ ನಮ್ಮ ತಂಡ ಒಂದು ಕವಲಿನಲ್ಲಿ ಎರಡಾಗಿ ಒಡೆಯಿತು. ಒಂದು ದೋಣಿ ಬಿದ್ದ ಮರಕ್ಕೆ ಅಡ್ಡಡ್ಡ ಸಿಕ್ಕಿಕೊಂಡಿತು. ಒಬ್ಬರು ಹತ್ತು ನಿಮಿಷದಷ್ಟು ಹೊತ್ತು ತಣ್ಣೀರಿನಲ್ಲಿ ಕೊಂಬೆ ಹಿಡಿದುಕೊಂಡಿದ್ದರು. ಇನ್ನೊಬ್ಬರ ಮಣಿಕಟ್ಟು ಬಿರುಕು ಬಿಟ್ಟಿತು. ಜೀವಕ್ಕೆ ಏನೂ ಆಗಲಿಲ್ಲ. ಕೊನೆಯ ದೋಣಿಯಲ್ಲಿದ್ದವನು ನಾನು. ಕೊನೆಯ ದೋಣಿಗೆ ಇರುವುದೇ ಒಂದು ಕೆಲಸ: ಮುಂದಿರುವವರೆಲ್ಲ ಕಣ್ಣಳತೆಯಲ್ಲಿ ಇದ್ದಾರಾ ಎಂದು ನೋಡಿಕೊಳ್ಳುವುದು. ಹಾಗಾಗಿ ಇಲ್ಲಿ ಬರೆಯುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದೇ.

ಆಮೇಲೆ ಈ ಘಟನೆ ಬಗ್ಗೆ ಮಾತಾಡಿದವರೆಲ್ಲ ಆ ಮರದ ಬಗ್ಗೆಯೇ ಕೇಳಿದರು. ಮರ ಎಷ್ಟು ದಪ್ಪ ಇತ್ತು, ನೀರು ಎಷ್ಟು ಜೋರಿತ್ತು ಎಂದು. ನನ್ನ ಲೆಕ್ಕದಲ್ಲಿ ಅಪಘಾತ ಶುರುವಾದದ್ದು ಅದಕ್ಕಿಂತ ನಲವತ್ತು ನಿಮಿಷ ಮೊದಲು, ಮಗುವನ್ನು ಕೂರಿಸಿಕೊಂಡೂ ದಾಟಬಹುದಾಗಿದ್ದ ಸಮಾಧಾನದ ನೀರಿನಲ್ಲಿ.

ನದಿ ಮತ್ತು ನಾವು

ಖೆರ್ಲೆನ್ ಹುಟ್ಟುವುದು ಉಲಾನ್‌ಬಾತರ್‌ನ ಈಶಾನ್ಯಕ್ಕಿರುವ ಖೆಂತೀ ಬೆಟ್ಟಗಳಲ್ಲಿ. ಅದೇ ಬೆಟ್ಟಸಾಲಿನಿಂದ ಇನ್ನೂ ಎರಡು ನದಿಗಳು ಹೊರಡುತ್ತವೆ. ತೂಲ್ ಪಶ್ಚಿಮಕ್ಕೆ ಹೋಗಿ, ಒರ್ಖೊನ್ ಮತ್ತು ಸೆಲೆಂಗೆ ನದಿಗಳ ಜೊತೆ ಬೈಕಲ್ ಸರೋವರ ಸೇರುತ್ತದೆ. ಒನೊನ್ ನೀರು ಕೊನೆಗೆ ಅಮೂರ್ ನದಿಗೆ. ಖೆರ್ಲೆನ್ ಮೊದಲು ದಕ್ಷಿಣಕ್ಕೆ ಇಳಿದು, ಆಮೇಲೆ ಪೂರ್ವಕ್ಕೆ ತಿರುಗಿ, ಒಟ್ಟು 1,254 ಕಿಲೋಮೀಟರ್ ಹರಿದು ಚೀನಾದ ಹುಲುನ್ ಸರೋವರ ಮುಟ್ಟುತ್ತದೆ. ನಾವು ಮೊಂಗೊನ್‌ಮೊರಿಟ್ ಬಳಿ ನೀರಿಗಿಳಿದು, ಕಲ್ಲಿದ್ದಲ ಊರು ಬಾಗಾನೂರ್‌ನ ಸೇತುವೆ ದಾಟಿ, ನದಿ ಪೂರ್ವಕ್ಕೆ ಹೊರಳುವ ದೆಲ್ಗೆರ್‌ಖಾನ್ ಕಡೆಗೆ ಹೊರಟಿದ್ದೆವು.

ಮೇಲ್ಭಾಗದಲ್ಲಿ ದಡದುದ್ದಕ್ಕೂ ಕಾಡಿದೆ. ಬಾಗಾನೂರ್ ದಾಟಿದ ಮೇಲೆ ಎರಡೂ ಕಡೆ ಬರೀ ಹುಲ್ಲುಬಯಲು, ಅಂಚಿನಲ್ಲಿ ಮಡಿಕೆ ಹಾಕಿದಂಥ ಬೋಳು ಗುಡ್ಡ. ಮೈಲಿಗಟ್ಟಲೆ ದೂರದ ಕುದುರೆ ಹಿಂಡು ಕಾಣುತ್ತದೆ, ಮುಂದಿನ ತಿರುವಿನಾಚೆ ಇರುವ ದೋಣಿ ಕಾಣುವುದಿಲ್ಲ. ಇದು ಹೇಳಿದರೆ ನಂಬಿಕೆ ಬರದ ಮಾತು, ಆದರೆ ನಿಜ. ಬಯಲಲ್ಲಿ ನದಿ ಹಾವಿನ ಹಾಗೆ ಸುತ್ತುತ್ತದೆ, ನೀರಿನ ಮಟ್ಟ ದಡಕ್ಕಿಂತ ಆಳು ಎತ್ತರ ಕೆಳಗಿರುತ್ತದೆ, ದಡದ ತುಂಬ ವಿಲ್ಲೋ ಪೊದೆ. ದೋಣಿಯಲ್ಲಿ ಕೂತವರಿಗೆ ಕಾಣುವ ಲೋಕ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ, ಅಷ್ಟೇ. ಇಂಥ ನದಿ ಜಲ್ಲಿಕಲ್ಲಿನ ದಿಬ್ಬಗಳ ನಡುವೆ ಕವಲೊಡೆದು, ಸೇರಿ, ಮತ್ತೆ ಕವಲೊಡೆಯುತ್ತ ಹೋಗುತ್ತದೆ. ಕವಲು ಕೆಲವೊಮ್ಮೆ ಕಿಲೋಮೀಟರ್‌ಗಟ್ಟಲೆ ಬೇರೆಯಾಗಿಯೇ ಹರಿಯುತ್ತದೆ.

ನಾನು ಕೆಲಸ ಕಲಿತದ್ದು ಗಣೇಶಗುಡಿಯಲ್ಲಿ, ಕಾಳಿ ನದಿಯ ರ‍್ಯಾಫ್ಟಿಂಗ್‌ನಲ್ಲಿ. ಅಲ್ಲಿ ನೀರು ಏರುವುದು, ಇಳಿಯುವುದು ಎಲ್ಲ ಸೂಪಾ ಅಣೆಕಟ್ಟೆಯಿಂದ ಬಿಟ್ಟ ಹಾಗೆ. ಬಂಡೆಗಳ ಜಾಗ ಬದಲಾಗುವುದಿಲ್ಲ, ಕಣ್ಣುಮುಚ್ಚಿದರೂ ನಕ್ಷೆ ತಲೆಯಲ್ಲಿರುತ್ತದೆ. ಖೆರ್ಲೆನ್‌ಗೆ ಅಂಥ ಬಂಡೆ ಇಲ್ಲ, ಅಬ್ಬರದ ರ‍್ಯಾಪಿಡ್ ಇಲ್ಲ. ಇಲ್ಲಿ ನೀರು ಏರಿಸುವುದು ನಮ್ಮ ಕಣ್ಣಿಗೆ ಬೀಳದ ಬೆಟ್ಟದ ಮೇಲಿನ ಮಳೆ. ಮಂಗೋಲಿಯಾದ ವರ್ಷದ ಮಳೆಯ ಬಹುಪಾಲು ಬೀಳುವುದೂ ಈ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲೇ. ನಮ್ಮ ತಲೆ ಮೇಲೆ ಸುಡು ಬಿಸಿಲಿದ್ದಾಗಲೂ ಖೆಂತೀಯಲ್ಲಿ ನಿನ್ನೆ ಸುರಿದ ಮಳೆ ನಮ್ಮ ದೋಣಿಯಡಿಗೆ ಬರುತ್ತಿರುತ್ತದೆ.

ತಂಡದಲ್ಲಿ ಹತ್ತು ಜನ. ಮೊದಲ ದೋಣಿಯಲ್ಲಿ ಮುಖ್ಯ ಮಾರ್ಗದರ್ಶಿ, ಖೆಂತೀಯಲ್ಲೇ ಹುಟ್ಟಿ ಬೆಳೆದವರು, ಐವತ್ತೈದರ ಆಸುಪಾಸು. ಎಲ್ಲರೂ ಅವರನ್ನು ‘ಅಖ್’ ಎನ್ನುತ್ತಿದ್ದೆವು. ಮಂಗೋಲಿಯನ್ ಭಾಷೆಯಲ್ಲಿ ಅದು ನಮ್ಮ ‘ಅಣ್ಣ’. ಅವರ ಜೊತೆ ಒಂಟಿಯಾಗಿ ಬಂದಿದ್ದ ಒಬ್ಬ ಪ್ರವಾಸಿ. ಎರಡನೆಯದರಲ್ಲಿ ಅಪ್ಪ, ಮಗ. ಮೂರನೆಯದರಲ್ಲಿ ಬೆಂಗಳೂರಿನಿಂದ ಬಂದ, ಐವತ್ತು ದಾಟಿದ ದಂಪತಿ. ನಾಲ್ಕನೆಯದರಲ್ಲಿ ಇಬ್ಬರು ಗೆಳತಿಯರು. ಐದನೆಯದರಲ್ಲಿ ನಾನು ಮತ್ತು ಅಡುಗೆಯ ಹುಡುಗ. ಸಾಮಾನಿನ ವ್ಯಾನ್ ಎರಡು ಮೂರು ದಿನಕ್ಕೊಮ್ಮೆ ಗೊತ್ತುಮಾಡಿದ ಜಾಗದಲ್ಲಿ ಸಿಗುತ್ತಿತ್ತು. ಮೊದಲ ಮತ್ತು ಕೊನೆಯ ದೋಣಿಯಲ್ಲಿ ವಾಕಿಟಾಕಿ ಇತ್ತು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಂದೇ ಒಂದು, ಅದೂ ಮೊದಲ ದೋಣಿಯಲ್ಲಿ.

ಕಡ್ಡಿ

ಅಖ್‌ಗೆ ಒಂದು ಅಭ್ಯಾಸ. ರಾತ್ರಿ ಮಲಗುವ ಮುಂಚೆ ನೀರಿನಂಚಿಗೆ ಸರಿಯಾಗಿ ಒಂದು ವಿಲ್ಲೋ ಕಡ್ಡಿ ನೆಟ್ಟು ಬರುತ್ತಿದ್ದರು. ಮೊದಲ ಮೂರು ಬೆಳಿಗ್ಗೆ ಕಡ್ಡಿ ಇಟ್ಟಲ್ಲೇ ಇತ್ತು. ನಾಲ್ಕನೇ ಬೆಳಿಗ್ಗೆ ನಾನು ಕೆಟಲ್‌ಗೆ ನೀರು ತುಂಬಲು ಹೋದಾಗ ಕಡ್ಡಿಯ ಸುತ್ತ ನೀರು ಸುತ್ತುತ್ತಿತ್ತು. ತಗ್ಗಿ ಅಳೆದು ನೋಡಿದೆ, ಸರಿಯಾಗಿ ಒಂದು ಗೇಣು ಏರಿತ್ತು. ಹಿಂದಿನ ಸಂಜೆ ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿದ್ದ ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಣ ಹುಲ್ಲು, ತೊಗಟೆ ಚೂರು ತೇಲಿ ಬರುತ್ತಿದ್ದವು.

ಅಖ್ ತಿಂಡಿಯ ಹೊತ್ತಿಗೆ ಎಲ್ಲರನ್ನೂ ಕರೆದು ಕಡ್ಡಿ ತೋರಿಸಿದರು. “ನೀರು ಜಾಸ್ತಿ ಆಗಿದೆ, ಬೇಗ ಹೋಗ್ತೀವಿ, ಒಟ್ಟಿಗೇ ಇರಿ” ಎಂದು ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ತಲೆ ಆಡಿಸಿದೆವು. ಒಂದು ಗೇಣು ನೀರು ಏರಿದರೆ ಖೆರ್ಲೆನ್‌ನಲ್ಲಿ ಏನೇನು ಬದಲಾಗುತ್ತದೆ ಎನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನೆಯವರೆಗೆ ಒಣಗಿದ್ದ ಜಲ್ಲಿಯ ಹಳ್ಳಗಳಲ್ಲಿ ಇವತ್ತು ನೀರು ಓಡುತ್ತದೆ, ಮೇಲಿನಿಂದ ನೋಡಿದರೆ ಅದೂ ನದಿಯ ಹಾಗೇ ಕಾಣುತ್ತದೆ. ನಿನ್ನೆ ದಡದ ಮೇಲೆ ನಿಂತಿದ್ದ ವಿಲ್ಲೋ ಇವತ್ತು ಸೆಳವಿನ ಮಧ್ಯೆ ನಿಂತಿರುತ್ತದೆ. ಈ ಎರಡು ಮಾತು ಹೇಳಲು ಎರಡು ನಿಮಿಷ ಸಾಕಿತ್ತು.

ಎದುರುಗಾಳಿ

ಮಧ್ಯಾಹ್ನದ ಊಟ ಮುಗಿಸಿ 1.45ಕ್ಕೆ ಹೊರಟೆವು. ದಕ್ಷಿಣದ ಆಕಾಶ ಕಪ್ಪಿಟ್ಟಿತ್ತು, ಎದುರುಗಾಳಿ ಎದ್ದಿತ್ತು. ಕನೂ ದೋಣಿ ಉದ್ದ, ಹಗುರ, ಅಂಚು ಎತ್ತರ. ಗಾಳಿಗೆ ಅದು ಹಾಯಿ ಇದ್ದ ಹಾಗೆ. ಮೂತಿ ಸ್ವಲ್ಪ ಓರೆಯಾದರೂ ಸಾಕು, ಗಾಳಿ ಅದನ್ನು ಪೂರ್ತಿ ಅಡ್ಡ ತಿರುಗಿಸಿಬಿಡುತ್ತದೆ. ಹುಟ್ಟು ಹಾಕಿ ಅಭ್ಯಾಸ ಇದ್ದ ಮೊದಲ ಎರಡು ದೋಣಿ ತಲೆ ತಗ್ಗಿಸಿ ನೇರ ಹೊರಟವು. ನಾಲ್ಕನೆಯ ದೋಣಿಯ ಗೆಳತಿಯರು ಎರಡು ಸಲ ದಡಕ್ಕೆ ತಾಗಿದರು. ನಾನು ಅವರ ಹಿಂದೆಯೇ ಉಳಿದೆ. ಮೂರನೆಯ ದೋಣಿ ನಡುವಿನಲ್ಲಿ, ಮುಂದಿನವರನ್ನು ಹಿಡಿಯಲೂ ಆಗದೆ ಹಿಂದಿನವರಿಗೆ ಕಾಯಲೂ ಆಗದೆ ಹೋಗುತ್ತಿತ್ತು.

2.15ರ ಸುಮಾರಿಗೆ ಮೊದಲ ಎರಡು ದೋಣಿ ಒಂದು ತಿರುವಿನಾಚೆ ಹೋದವು. ನಾನು ಅಲ್ಲಿಗೆ ಬಂದಾಗ ಅವು ಅದರ ಮುಂದಿನ ತಿರುವನ್ನೂ ದಾಟಿದ್ದವು. ವಾಕಿಟಾಕಿ ನನ್ನ ಎದೆಯ ಮೇಲೆಯೇ ಇತ್ತು. ಗುಂಡಿ ಒತ್ತಿ “ನಿಲ್ಲಿ” ಎಂದರೆ ಆಗುತ್ತಿತ್ತು. ಇನ್ನೇನು ಸೇರಿಕೊಳ್ಳುತ್ತೇವೆ ಅಂದುಕೊಂಡೆ. ಗಾಳಿಯಲ್ಲಿ ಹುಟ್ಟು ಬಿಟ್ಟರೆ ನಮ್ಮ ದೋಣಿ ತಿರುಗುತ್ತದೆ ಅಂದುಕೊಂಡೆ. ನೀರು ಸಮಾಧಾನವಾಗಿದೆ, ಅಪಾಯ ಏನಿದೆ ಅಂದುಕೊಂಡೆ. ಆ ಅರ್ಧ ಗಂಟೆಯಲ್ಲಿ ಮೂರು ಸಲ ಕೈ ಎದೆಗೆ ಹೋಗಿ ವಾಪಸು ಬಂತು. ಕಾಳಿಯ ಅಬ್ಬರದ ನೀರಲ್ಲಾಗಿದ್ದರೆ ಮೊದಲ ಸಲಕ್ಕೇ ಒತ್ತುತ್ತಿದ್ದೆ.

2.55ಕ್ಕೆ ಕವಲು ಬಂತು. ಮುಖ್ಯ ಹರಿವು ಬಲಕ್ಕೆ ಗಕ್ಕನೆ ತಿರುಗುತ್ತಿತ್ತು. ದೂರದಿಂದ ನೋಡಿದರೆ ಅಲ್ಲಿ ದಾರಿಯೇ ಇಲ್ಲ, ದಡ ಮುಚ್ಚಿಕೊಂಡಿದೆ ಎನಿಸುತ್ತಿತ್ತು. ಎಡಗಡೆ ಅಗಲವಾದ, ನೇರವಾದ ನೀರು. ಹಿಂದಿನ ವರ್ಷ ಅದು ಒಣ ಜಲ್ಲಿ ಆಗಿತ್ತಂತೆ, ಅಖ್ ಆಮೇಲೆ ಹೇಳಿದರು. ಅವರು ಕಣ್ಣೆತ್ತಿಯೂ ನೋಡದೆ ಬಲಕ್ಕೆ ಹೋಗಿದ್ದರು, ಎರಡನೆಯ ದೋಣಿ ಅವರ ಬೆನ್ನು ನೋಡಿಕೊಂಡು ಹೋಗಿತ್ತು. ಮೂರನೆಯ ದೋಣಿ ಬಂದಾಗ ನೋಡಲು ಯಾರ ಬೆನ್ನೂ ಇರಲಿಲ್ಲ. ದಂಪತಿ ಕಣ್ಣಿಗೆ ಕಂಡ ನದಿಯನ್ನು ಹಿಡಿದರು. ಮುಂದಿನ ದೋಣಿಯ ಹಿಂದೆ ಹೋಗಿ ಎಂದು ನಾವೇ ಕಲಿಸಿದ್ದೆವಲ್ಲ, ನಾಲ್ಕನೆಯದೂ ಹಾಗೇ ಹೋಯಿತು. ಕೂಗಿದೆ. ಗಾಳಿ ನನ್ನ ಕೂಗನ್ನು ಹಿಂದಕ್ಕೆ ಒಯ್ದಿತು. ಅಖ್ ಸೇರಿ ನಾಲ್ಕು ಜನ ಮೊದಲೇ ಬಲಗಡೆಯಿದ್ದರು, ನಾಲ್ಕು ಜನ ಎಡಕ್ಕೆ ಹೋಗುತ್ತಿದ್ದರು. ನಾನೂ ಎಡಕ್ಕೆ ಹೋದೆ. ಆ ಒಂದು ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಅನುಮಾನವಿಲ್ಲ.

ಮರದ ಬಳಿ

ಎಡ ಕವಲು ಇನ್ನೂರು ಮೀಟರ್ ದೂರ ಅಗಲವಾಗಿ ಹರಿದು, ಆಮೇಲೆ ವಿಲ್ಲೋಗಳ ನಡುವೆ ಕಿರಿದಾಯಿತು. ಕಿರಿದಾದಷ್ಟೂ ವೇಗ. ನೀರಿನ ವೇಗ ಎರಡು ಪಟ್ಟಾದರೆ ಅದು ಅಡ್ಡ ಸಿಕ್ಕಿದ್ದನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ದಡ ಕೊರೆದು ಬಿದ್ದಿದ್ದ ಒಂದು ವಿಲ್ಲೋ, ಬೇರು ಇನ್ನೂ ಎಡದಂಡೆಯಲ್ಲೇ ಇದ್ದು, ಕವಲಿನ ಮುಕ್ಕಾಲು ಭಾಗಕ್ಕೆ ಅಡ್ಡ ಮಲಗಿತ್ತು. ನದಿಯವರು ಇಂಥದ್ದಕ್ಕೆ ಸ್ಟ್ರೇನರ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಜರಡಿ ಎನ್ನಬಹುದು: ನೀರು ತೂರಿ ಹೋಗುತ್ತದೆ, ದೋಣಿ ಮತ್ತು ಮನುಷ್ಯರು ಉಳಿದುಕೊಳ್ಳುತ್ತಾರೆ. ಬಂಡೆಯಾದರೆ ಎದುರು ಬಂದ ನೀರು ಹಿಂದಕ್ಕೆ ಉಬ್ಬಿ ದೋಣಿಯನ್ನು ಸ್ವಲ್ಪ ದೂರ ತಳ್ಳುತ್ತದೆ. ಜರಡಿಗೆ ಆ ಕರುಣೆಯೂ ಇಲ್ಲ.

ದಂಪತಿ ಮರ ನೋಡಿ ಬಲಕ್ಕೆ ತಿರುಗಿಸಲು ನೋಡಿದರು. ಅರ್ಧ ತಿರುಗುವಷ್ಟರಲ್ಲಿ ದೋಣಿ ಅಡ್ಡಡ್ಡ ಹೋಗಿ ಕಾಂಡಕ್ಕೆ ಬಡಿಯಿತು. ಹೆದರಿದವರು ಮರದಿಂದ ದೂರ, ಅಂದರೆ ನೀರು ಬರುವ ಕಡೆಗೆ ವಾಲುತ್ತಾರೆ. ಅವರೂ ವಾಲಿದರು. ಆ ಕಡೆಯ ಅಂಚು ಮುಳುಗಿ ದೋಣಿ ತುಂಬಿತು. ತುಂಬಿದ ದೋಣಿಯಲ್ಲಿ ಅರ್ಧ ಟನ್ನಿಗೂ ಹೆಚ್ಚು ನೀರು, ಮೇಲೆ ಸೆಳವಿನ ಒತ್ತಡ. ಮುಂದೆ ಕೂತಿದ್ದ ಹೆಂಡತಿ ಕಾಂಡ ಹಿಡಿದು ಮೇಲೆ ಹತ್ತಿಬಿಟ್ಟರು, ಹತ್ತುವಾಗಲೇ ಮಣಿಕಟ್ಟು ತಿರುಚಿತು. ಹಿಂದೆ ಕೂತಿದ್ದ ಗಂಡ ನೀರಿಗೆ ಬಿದ್ದರು. ಸೆಳವು ಅವರ ಸೊಂಟದ ಕೆಳಗಿನ ಭಾಗವನ್ನು ಕಾಂಡದಡಿಗೆ ಎಳೆಯಿತು. ಎರಡೂ ತೋಳು ಒಂದು ಕೊಂಬೆಯ ಮೇಲಿದ್ದವು.

ನಾನು ಒಂದು ಉದ್ದ ಸೀಟಿ ಊದಿದೆ. ನಾಲ್ಕನೆಯ ದೋಣಿಯವರು ತಕ್ಷಣ ಬಲಕ್ಕೆ ತಿರುಗಿಸಿ ಜಲ್ಲಿ ದಿಬ್ಬಕ್ಕೆ ಹತ್ತಿಸಿದರು. ಬೆಳಿಗ್ಗೆಯಿಂದ ದಡಕ್ಕೆ ತಾಗಿ ತಾಗಿ ಬೇಸರಗೊಂಡಿದ್ದ ಗೆಳತಿಯರು ಆ ದಿನ ಮಾಡಿದ ಈ ಒಂದು ಕೆಲಸ ಎರಡನೇ ಅಪಘಾತವನ್ನು ತಪ್ಪಿಸಿತು. ನಾವು ಮರದಿಂದ ಮೂವತ್ತು ಮೀಟರ್ ಮೇಲೆ ಎಡದಂಡೆಗೆ ಹಾರಿದೆವು. ಹುಡುಗ ಓಡುತ್ತಲೇ ವಾಕಿಟಾಕಿಯಲ್ಲಿ ಅಖ್‌ಗೆ ಹೇಳಿದ. ಹಗ್ಗದ ಒಂದು ತುದಿಯನ್ನು ನನ್ನ ಲೈಫ್ ಜಾಕೆಟ್‌ನ ಬೆನ್ನಿನ ಪಟ್ಟಿಗೆ ಸಿಕ್ಕಿಸಿ, ಇನ್ನೊಂದನ್ನು ಅವನ ಕೈಗೆ ಕೊಟ್ಟು ಕಾಂಡ ಹತ್ತಿದೆ.

ಕಾಂಡದ ಮೇಲೆ ಒಬ್ಬರು ಕೂರುವಷ್ಟೇ ಜಾಗ. ಹೆಂಡತಿ ನಡುವೆ ಕೂತಿದ್ದರು, ಗಂಡ ಅವರಾಚೆ.

“ಅಮ್ಮಾ, ಕೂತ್ಕೊಂಡೇ ಈ ಕಡೆ ಸರೀರಿ. ನಿಲ್ಲಬೇಡಿ.”

“ಅವರನ್ನ ಬಿಟ್ಟು ನಾನು ಬರಲ್ಲ ತಮ್ಮಾ.”

“ನೀವು ಬಂದ್ರೇನೇ ನಾನು ಅವರ ಹತ್ರ ಹೋಗೋಕಾಗೋದು ಅಮ್ಮಾ.”

ಅದಾದ ಮೇಲೆ ಅವರು ಒಂದು ಕ್ಷಣವೂ ತಡಮಾಡಲಿಲ್ಲ. ಮುರಿದ ಕೈ ಎದೆಗೆ ಒತ್ತಿಕೊಂಡು, ಇನ್ನೊಂದು ಕೈ ಊರಿ, ಕೂತೇ ಸರಿದು ದಂಡೆ ಸೇರಿದರು. ಈ ಮಾತುಕತೆ ಕನ್ನಡದಲ್ಲಿ ನಡೆಯಿತು ಎನ್ನುವುದು ನನಗೆ ಸಣ್ಣ ವಿಷಯವಲ್ಲ. ತರಬೇತಿಯಲ್ಲಿ ಕಲಿಸಿದ ಇಂಗ್ಲಿಷ್ ಆಜ್ಞೆಗಳು ಆ ಹೊತ್ತಿಗೆ ಅವರ ಕಿವಿಗೆ ಹೋಗುತ್ತಿದ್ದವೋ ಇಲ್ಲವೋ.

ಗಂಡನ ಬಲಗೈಯಲ್ಲಿ ಹುಟ್ಟು ಹಾಗೇ ಇತ್ತು. ಅದರ ಹಿಡಿಕೆ ಎರಡು ಕೊಂಬೆಗಳ ನಡುವೆ ಅಡ್ಡ ಸಿಕ್ಕಿಕೊಂಡು ಅವರನ್ನು ಅಲ್ಲೇ ಕಟ್ಟಿಹಾಕಿತ್ತು. “ಸರ್, ಹುಟ್ಟು ಬಿಡಿ” ಎಂದೆ. ತಲೆ ಆಡಿಸಿದರು, ಕೈ ಬಿಡಲಿಲ್ಲ. ಬಿಡಲು ಆಗುತ್ತಿರಲಿಲ್ಲ. ಬೆರಳುಗಳು ಬೆಳ್ಳಗೆ ಮರಗಟ್ಟಿದ್ದವು, ಕಿರುಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿದೆ. “ಈಜೋ ಥರ ಕಾಲು ಮೇಲಕ್ಕೆ ಒದೀರಿ ಸರ್, ಜೋರಾಗಿ” ಎನ್ನುತ್ತ ಲೈಫ್ ಜಾಕೆಟ್‌ನ ಭುಜದ ಪಟ್ಟಿ ಎರಡೂ ಹಿಡಿದು ಎಳೆದೆ. ಮೂರನೇ ಎಳೆತಕ್ಕೆ ಹೊಟ್ಟೆ ಕಾಂಡದ ಮೇಲೆ ಬಂತು. ಆ ಪಟ್ಟಿ ಬೆಳಿಗ್ಗೆ ಬಿಗಿ ಮಾಡದೆ ಇದ್ದಿದ್ದರೆ ಜಾಕೆಟ್ ಮಾತ್ರ ನನ್ನ ಕೈಗೆ ಬರುತ್ತಿತ್ತು. ದಂಡೆ ಮುಟ್ಟಿದಾಗ 3.10.

ಚಳಿ

ಗಾಳಿ ಇನ್ನೂ ಬೀಸುತ್ತಿತ್ತು, ಹನಿ ಶುರುವಾಗಿತ್ತು. ಅವರು ಗಡಗಡ ನಡುಗುತ್ತಿದ್ದರು. ನಡುಕ ಒಳ್ಳೆಯದು, ದೇಹ ಇನ್ನೂ ತಾನೇ ಬಿಸಿ ಹುಟ್ಟಿಸುತ್ತಿದೆ ಎಂದು ಅರ್ಥ. ಒದ್ದೆಯಾಗಿಯೇ ಇರುವಾಗ ನಡುಕ ನಿಂತರೆ ಹೆದರಬೇಕು. ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಿ ಎಂದೆ, ಆಗಲಿಲ್ಲ. ಮಾತು ತೊದಲುತ್ತಿತ್ತು. “ಚೀಲ ಹೋಯ್ತಲ್ಲ, ಚೀಲ ಹೋಯ್ತಲ್ಲ” ಎಂದು ಅದೊಂದನ್ನೇ ಹೇಳುತ್ತಿದ್ದರು. ಒದ್ದೆ ಬಟ್ಟೆ ಪೂರ್ತಿ ತೆಗೆದು, ಒಣ ಉಣ್ಣೆ ಬಟ್ಟೆ ಹಾಕಿ, ನೆಲದ ಮೇಲೆ ಫೋಮ್ ಚಾಪೆ ಹಾಸಿ ಮಲಗಿಸಿ, ಎರಡು ಸ್ಲೀಪಿಂಗ್ ಬ್ಯಾಗ್ ಹೊದಿಸಿ, ಮೇಲೆ ಟಾರ್ಪಾಲ್ ಸುತ್ತಿದೆವು. ನಡೆಸಲಿಲ್ಲ, ಕೈಕಾಲು ಉಜ್ಜಲಿಲ್ಲ. ಹಾಗೆ ಮಾಡಿದರೆ ಚರ್ಮದ ಹತ್ತಿರದ ತಣ್ಣನೆಯ ರಕ್ತ ಒಮ್ಮೆಲೇ ಒಳಗೆ ನುಗ್ಗುವ ಅಪಾಯ ಇದೆ. ನುಂಗಲು ತೊಂದರೆ ಇಲ್ಲ ಎಂದು ಖಚಿತವಾದ ಮೇಲೆ ಫ್ಲಾಸ್ಕಿನ ಚಹಾಕ್ಕೆ ಸಕ್ಕರೆ ಸುರಿದು ಗುಟುಕು ಗುಟುಕಾಗಿ ಕುಡಿಸಿದೆವು. ಆ ಒಣ ಬಟ್ಟೆ, ಹೆಚ್ಚಿನ ಸ್ಲೀಪಿಂಗ್ ಬ್ಯಾಗ್, ಫ್ಲಾಸ್ಕ್ ಕೊನೆಯ ದೋಣಿಯಲ್ಲಿ ಇದ್ದದ್ದು ಅಖ್ ಹಟ ಹಿಡಿದು ಇಡಿಸಿದ್ದರಿಂದ. ನಾನು ಮೊದಲ ದಿನ, ಇಷ್ಟು ಭಾರ ಯಾಕೆ ಎಂದಿದ್ದೆ.

ಅಖ್ ಎರಡೂ ಕವಲು ಸೇರುವ ಜಾಗದಲ್ಲಿ ನಮಗಾಗಿ ಕಾಯುತ್ತಿದ್ದವರು, ದಡದ ಮೇಲೆ ಓಡುತ್ತ 3.40ಕ್ಕೆ ಬಂದರು. ಅವರ ಹಿಂದೆಯೇ ಕುದುರೆ ಮೇಲೆ ಒಬ್ಬ ದನಗಾಹಿ ಬಂದ. ಗುಡ್ಡದ ಮೇಲಿನಿಂದ ನಮ್ಮನ್ನು ನೋಡಿದ್ದನಂತೆ. ಅವನ ಗೆರ್, ಅಂದರೆ ಉಣ್ಣೆಗಂಬಳಿಯ ದುಂಡು ಮನೆ, ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ನಡುಕ ಕಡಿಮೆಯಾಗಿ, ಬೆರಳು ಬೆರಳಿಗೆ ಮುಟ್ಟಿ, ಮಾತು ಸರಿಯಾದ ಮೇಲೆಯೇ ಅವರನ್ನು ಅಲ್ಲಿಗೆ ಕರೆದೊಯ್ದೆವು. ಅಖ್ ದೂರದಿಂದಲೇ “ನೊಖೊಯ್ ಖೋರ್” ಎಂದು ಕೂಗಿದರು. ನಾಯಿ ಹಿಡಿದುಕೊಳ್ಳಿ ಎಂದು ಅದರ ಅರ್ಥ, ಯಾವ ಗೆರ್‌ಗೆ ಹೋದರೂ ಬಾಗಿಲ ಮುಂದಿನ ಮೊದಲ ಮಾತು ಅದೇ. ಒಳಗೆ ಒಲೆಯಲ್ಲಿ ಅರ್ಗಾಲ್ ಉರಿಯುತ್ತಿತ್ತು. ಒಣಗಿದ ಸಗಣಿ, ನಮ್ಮ ಬೆರಣಿಯದೇ ವಾಸನೆ. ಬೆಂಗಳೂರಿನ ಅಮ್ಮ ಒಳಗೆ ಕಾಲಿಟ್ಟವರೇ “ಅಜ್ಜಿ ಮನೆ ಬಚ್ಚಲೊಲೆ” ಎಂದು ಅತ್ತುಬಿಟ್ಟರು, ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮನೆಯವರು ಬೆಚ್ಚಗಾಗಲಿ ಎಂದು ಹಾಲಿನಿಂದ ಬಟ್ಟಿ ಇಳಿಸಿದ ಮದ್ಯ ಕೊಡಲು ಬಂದರು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಅಖ್ ಬಟ್ಟಲನ್ನು ಬಲಗೈಯಲ್ಲಿ ಗೌರವದಿಂದ ತೆಗೆದುಕೊಂಡು, ತಾವೇ ತುಟಿಗೆ ತಾಗಿಸಿ ವಾಪಸು ಕೊಟ್ಟರು. ನಮ್ಮವರಿಗೆ ಉಪ್ಪು ಹಾಕಿದ ಹಾಲಿನ ಚಹಾ ಸಿಕ್ಕಿತು. ಎಲ್ಲರೂ ಆ ರಾತ್ರಿ ಆ ಗೆರ್‌ನ ಸುತ್ತಲೇ ಡೇರೆ ಹಾಕಿದೆವು.

ಬೆಳಿಗ್ಗೆ ನೀರು ನಾಲ್ಕು ಬೆರಳು ಇಳಿದಿತ್ತು. ಹಗ್ಗ, ರಾಟೆ ಕಟ್ಟಿ ಆರು ಜನ ಎಳೆದು ದೋಣಿ ಬಿಡಿಸಿದೆವು. ಪ್ಲಾಸ್ಟಿಕ್ ಮೈಗೆ ಮಡಿಸಿದ ಗೆರೆ ಬಿದ್ದಿತ್ತು, ಒಡೆದಿರಲಿಲ್ಲ. ವ್ಯಾನ್ ಬಂದು ದಂಪತಿಯನ್ನು ಬಾಗಾನೂರ್‌ಗೆ ಕರೆದೊಯ್ದಿತು. ಎಕ್ಸ್‌ರೇಯಲ್ಲಿ ಬಿರುಕು ಕಂಡಿತು. ಅವರಿಗೆ ಪ್ರವಾಸ ಅಲ್ಲಿಗೇ ಮುಗಿಯಿತು.

ಎಲ್ಲಿ ತಪ್ಪಿತು

ಗೆರ್‌ನ ಹೊರಗೆ ಆ ರಾತ್ರಿ ಅಖ್ ಮತ್ತು ನಾನು ತುಂಬ ಹೊತ್ತು ಕೂತಿದ್ದೆವು. ಅವರ ಮಾತು ಒಂದೇ: “ನನ್ನ ಹಿಂದೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ.” ಅವರ ಮೇಲೆ ನನಗಿರುವ ಗೌರವ ದೊಡ್ಡದು, ಆ ನದಿ ಅವರಿಗೆ ತಿಳಿದಷ್ಟು ನನಗೆ ಎಂದೂ ತಿಳಿಯುವುದಿಲ್ಲ. ಆದರೂ ಈ ಮಾತನ್ನು ನಾನು ಒಪ್ಪಲಿಲ್ಲ, ಅವರಿಗೂ ಹಾಗೇ ಹೇಳಿದೆ. ಹಿಂಬಾಲಿಸು ಎನ್ನಬೇಕಾದರೆ ಮುಂದಿರುವವರು ಕಣ್ಣಿಗೆ ಕಾಣಬೇಕು. ನಮ್ಮ ನಿಯಮ ಹೊಣೆಯನ್ನೆಲ್ಲ ಹಿಂದಿನ ದೋಣಿಯ ಮೇಲೆ ಹೊರಿಸಿತ್ತು, ಅಂದರೆ ತಂಡದಲ್ಲಿ ಕಡಿಮೆ ಅಭ್ಯಾಸ ಇರುವವರ ಮೇಲೆ, ಗಾಳಿಗೆ ದಣಿದವರ ಮೇಲೆ. ಹೊಣೆ ಮುಂದಿನವರದ್ದಾಗಬೇಕು. ನನ್ನ ಹಿಂದಿನ ದೋಣಿ ಕಾಣುತ್ತಿಲ್ಲ ಎಂದಾದರೆ ನಾನು ನಿಲ್ಲಬೇಕು. ನಾನು ನಿಂತರೆ ನನ್ನ ಮುಂದಿನವರು ಹಿಂತಿರುಗಿ ನೋಡಿ ನಿಲ್ಲುತ್ತಾರೆ. ಹೀಗೆ ಕೊನೆಯಲ್ಲಿ ಆದ ತಡ ತಾನಾಗಿಯೇ ತುದಿಯವರೆಗೆ ಹೋಗುತ್ತದೆ, ವಾಕಿಟಾಕಿ ಕೆಟ್ಟರೂ ಹೋಗುತ್ತದೆ.

ಅಖ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಒಂದು ಮಾತು ಸೇರಿಸಿದರು. ಕುದುರೆ ಹಿಂಡು ಹೊಡೆಯುವಾಗ ಯಾರೂ ಮುಂದಿನ ಕುದುರೆ ನೋಡುವುದಿಲ್ಲ, ಹಿಂದುಳಿಯುವ ಮರಿಯನ್ನು ನೋಡುತ್ತಾರೆ ಎಂದರು. ತಮಗೆ ಗೊತ್ತಿದ್ದದ್ದನ್ನೇ ದೋಣಿಗೆ ಹಚ್ಚಿ ನೋಡಿರಲಿಲ್ಲ ಎನ್ನುವುದು ಅವರ ದನಿಯಲ್ಲಿತ್ತು.

ನನ್ನ ತಪ್ಪು ಬೇರೆ. ಅಂತರ ಬಿದ್ದದ್ದನ್ನು ಮೊದಲು ಕಂಡವನು ನಾನು, ನಿಲ್ಲಿಸುವ ಸಾಧನ ಇದ್ದದ್ದೂ ನನ್ನ ಬಳಿ. ಕರೆಯಲು ಕಾರಣ ಸಿಗಲಿ ಎಂದು ಕಾದೆ. ಅಂತರವೇ ಕಾರಣ ಎಂದು ನಾನು ತಿಳಿಯಬೇಕಿತ್ತು. ಎದುರುಗಾಳಿ ನೋಡಿದ ಮೇಲೆ ಊಟದ ಜಾಗದಲ್ಲೇ ದೋಣಿಗಳ ಕ್ರಮ ಬದಲಿಸಿ, ನಿಧಾನದ ದೋಣಿಯನ್ನು ಅಖ್‌ನ ಬೆನ್ನಿಗೇ ಹಾಕಬಹುದಿತ್ತು, ಅದೂ ಹೊಳೆಯಲಿಲ್ಲ. ಉಪಗ್ರಹ ಸಾಧನ ನಮ್ಮ ಕವಲಿನಲ್ಲಿ ಇರಲಿಲ್ಲ. ಗಾಯ ಇನ್ನೂ ದೊಡ್ಡದಾಗಿ, ವಾಕಿಟಾಕಿಯೂ ಸಿಗದಿದ್ದರೆ ನಾವು ಆರು ಜನ ಯಾರನ್ನೂ ಕರೆಯಲಾಗುತ್ತಿರಲಿಲ್ಲ. ಮುಂದಿನ ಪ್ರವಾಸದಿಂದ ಕೊನೆಯ ದೋಣಿಗೂ ಒಂದು ಸಾಧನ ಬಂದಿದೆ.

ಉಳಿದ ಮೂರು ದಿನ ಹೊಸ ಕ್ರಮದಲ್ಲಿ ಹೋದೆವು. ಕವಲು ಬಂದಾಗಲೆಲ್ಲ ಅಖ್ ಅದಕ್ಕೂ ಮೊದಲೇ ದಡಕ್ಕೆ ಹತ್ತಿ, ಹುಟ್ಟನ್ನು ತಲೆ ಮೇಲೆ ನೆಟ್ಟಗೆ ಎತ್ತಿ ನಿಲ್ಲುತ್ತಿದ್ದರು. ಕೊನೆಯ ದೋಣಿಯಿಂದ ನನ್ನ ಹುಟ್ಟು ಮೇಲೆದ್ದದ್ದು ಕಂಡ ಮೇಲೆಯೇ ಯಾವ ಕಡೆ ಎಂದು ತೋರಿಸಿ ನೀರಿಗಿಳಿಯುತ್ತಿದ್ದರು. ದೆಲ್ಗೆರ್‌ಖಾನ್ ಮುಟ್ಟುವಷ್ಟರಲ್ಲಿ ಹೀಗೆ ಹದಿನೇಳು ಕವಲು ದಾಟಿದೆವು. ಪ್ರತಿ ಕಾಯುವಿಕೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಮೂರು ದಿನದ್ದು ಒಟ್ಟು ಕೂಡಿಸಿದರೆ ಒಂದು ಗಂಟೆ ಇಪ್ಪತ್ತೈದು ನಿಮಿಷ.